ಕರೆಂಟಿಗೊಬ್ಬ ನೀರುಗಂಟಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಕೆಲವು ತಿಂಗಳಿಂದ ಬಿಡದೆ ಬೆನ್ನುಹತ್ತಿದೆ. ಬರೆಯುವವರು ಬಹುಪಾಲು ಪಿಯುಸಿ, ಡಿಪ್ಲೊಮಾ, ಐಟಿಐ ಓದುವ ಹುಡುಗರು. ನಡುವೆ ಇಬ್ಬರು ಮೂವರು ಹುಡುಗಿಯರು, ಬ್ಯಾಂಕ್ ಕೆಲಸದಿಂದ ನಿವೃತ್ತರಾದ ಒಬ್ಬರು ಹಿರಿಯರೂ ಇದ್ದಾರೆ. ಎಲ್ಲರ ದೂರಿನ ಸಾರ ಒಂದೇ: "ಮೇಡಂ, ನಾಲ್ಕು ಸೋಲಾರ್ ಪ್ಯಾನೆಲ್ ಇದೆ, ದೊಡ್ಡ ಬ್ಯಾಟರಿ ಇದೆ. ರಾತ್ರಿ ಹನ್ನೊಂದಕ್ಕೆ ನೋಡಿದಾಗ ಎಲ್ಲಾ ಉರೀತಾ ಇತ್ತು. ಬೆಳಿಗ್ಗೆ ಒಂಬತ್ತಕ್ಕೆ ಬಂದು ನೋಡಿದರೆ ಟರೆಟ್ ಆಫ್, ಮನೆಯೆಲ್ಲಾ ಖಾಲಿ. ಇನ್ನೆಷ್ಟು ಪ್ಯಾನೆಲ್ ಹಾಕಬೇಕು?"

ಇದು ಯಾರ ಮನೆಯ ಚಾವಣಿಯ ಮೇಲಿನ ಪ್ಯಾನೆಲ್ಲೂ ಅಲ್ಲ. 'ರಸ್ಟ್' ಎಂಬ ಆಟದ ಮಾತು. ವಿದೇಶದಲ್ಲಿರುವ ಮಗನ ಜೊತೆ ವಾರಕ್ಕೆರಡು ಸಂಜೆ ನಾನೂ ಅದನ್ನು ಆಡುತ್ತೇನೆ ಎಂದು ಹಿಂದೊಮ್ಮೆ ಇಲ್ಲಿ ಬರೆದಿದ್ದೆ. ಅಂದಿನಿಂದ ಈ ಪತ್ರಗಳು ಶುರುವಾದವು. ಒಬ್ಬೊಬ್ಬರಿಗೂ ಬಿಡಿಯಾಗಿ ಉತ್ತರ ಬರೆದು ಸಾಕಾಗಿ, ಇವತ್ತು ಒಟ್ಟಿಗೇ ಹೇಳಲು ಕೂತಿದ್ದೇನೆ. ಆಟ ಆಡದವರೂ ಓದಬಹುದು. ಮನೆಯಲ್ಲಿ ಯುಪಿಎಸ್ ಇದ್ದವರಿಗೆ ಇದರಲ್ಲಿ ಅರ್ಧ ಈಗಾಗಲೇ ಗೊತ್ತಿರುತ್ತದೆ.

ಗೊತ್ತಿಲ್ಲದವರಿಗೆ ಆಟದ ಪರಿಚಯ ಎರಡು ಮಾತಿನಲ್ಲಿ. ಇಂಗ್ಲೆಂಡಿನ ಫೇಸ್‌ಪಂಚ್ ಸ್ಟುಡಿಯೋಸ್ ಮಾಡಿದ ಆಟ. 2013ರ ಡಿಸೆಂಬರಿನಲ್ಲಿ ಅರೆಬೆಂದ ರೂಪದಲ್ಲೇ ಜನರ ಕೈಗೆ ಬಂತು, 2018ರ ಫೆಬ್ರವರಿಯಲ್ಲಿ ಪೂರ್ಣವಾಗಿ ಬಿಡುಗಡೆಯಾಯಿತು. ಒಂದು ದ್ವೀಪದ ದಡದಲ್ಲಿ ಬರಿಮೈಯಲ್ಲಿ ಕಣ್ಣು ಬಿಡುತ್ತೀರಿ. ಕೈಯಲ್ಲಿ ಒಂದು ಕಲ್ಲು, ಒಂದು ಪಂಜು. ಮರ ಕಡಿದು, ಕಲ್ಲು ಒಡೆದು ಮನೆ ಕಟ್ಟಬೇಕು; ಆ ಮನೆಗೇ ಬೇಸ್ ಎನ್ನುವುದು. ದ್ವೀಪದಲ್ಲಿ ನಿಮ್ಮಂತೆಯೇ ನೂರಾರು ಜನ. ಅವರಿಗೆ ನಿಮ್ಮ ಮನೆಯ ಗೋಡೆ ಒಡೆದು ದೋಚುವ ಹಕ್ಕಿದೆ, ನಿಮಗೂ ಇದೆ. ನೀವು ಕಂಪ್ಯೂಟರ್ ಮುಚ್ಚಿ ಮಲಗಿದಾಗಲೂ ಮನೆ ದ್ವೀಪದಲ್ಲಿ ಹಾಗೇ ನಿಂತಿರುತ್ತದೆ, ಕಾಯುವವರಿಲ್ಲದೆ. 2018ರ ಡಿಸೆಂಬರಿನಲ್ಲಿ ಈ ಆಟಕ್ಕೆ ವಿದ್ಯುತ್ ಬಂತು. ಕಾವಲಿಗಿರುವ ಒಂದು ದಾರಿ ಟರೆಟ್. ಟರೆಟ್ ಎಂದರೆ ತಾನಾಗಿ ಗುರಿಯಿಟ್ಟು ಗುಂಡು ಹಾರಿಸುವ ಯಂತ್ರ. ಅದಕ್ಕೆ ಬಂದೂಕು ಬೇಕು, ಗುಂಡು ಬೇಕು, ಜೊತೆಗೆ ಕರೆಂಟು ಬೇಕು. ಕರೆಂಟು ಹೋದರೆ ಅದು ಬರೀ ಕಬ್ಬಿಣದ ಗೊಂಬೆ.

"ಇನ್ನೆಷ್ಟು ಪ್ಯಾನೆಲ್?" ಎಂಬ ಪ್ರಶ್ನೆಯೇ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಕೇಳಿಕೊಳ್ಳಬೇಕಾದದ್ದು, ಇರುವ ಕರೆಂಟು ಮೊದಲು ಯಾರಿಗೆ, ಆಮೇಲೆ ಯಾರಿಗೆ, ಕೊರತೆ ಬಿದ್ದಾಗ ಯಾರಿಗೆ ಇಲ್ಲ ಎಂದು.

ನಾನು ಮಂಡ್ಯ ಜಿಲ್ಲೆಯವಳು. ನಮ್ಮ ಗದ್ದೆ ಇದ್ದದ್ದು ಒಂದು ಉಪನಾಲೆಯ ಕೊನೆಯಲ್ಲಿ. ಕಟ್ಟೆ ತುಂಬಿದೆ ಎಂದು ಪೇಪರಿನಲ್ಲಿ ಬಂದ ಮೇಲೂ ನಮ್ಮ ಬದುವಿಗೆ ನೀರು ಬರಲು ದಿನಗಟ್ಟಲೆ ಆಗುತ್ತಿತ್ತು, ಏಕೆಂದರೆ ಮೇಲಿನವರು ಕುಡಿಸಿಕೊಂಡು ಉಳಿದದ್ದು ನಮಗೆ. ಇದನ್ನೆಲ್ಲ ನೋಡಿಕೊಳ್ಳಲು ಒಬ್ಬ ನೀರುಗಂಟಿ ಇದ್ದ. ಯಾವ ತೂಬು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು, ಯಾರ ಸರದಿ ಯಾವ ಜಾವಕ್ಕೆ ಎಂಬುದು ಅವನ ತಲೆಯಲ್ಲಿ. ಅವನು ಒಂದು ಹನಿ ನೀರನ್ನೂ ಹೊಸದಾಗಿ ಹುಟ್ಟಿಸುತ್ತಿರಲಿಲ್ಲ. ಆದರೆ ಅವನು ನೆಟ್ಟಗಿದ್ದ ವರ್ಷ ನಮ್ಮ ಗದ್ದೆಯೂ ಬೆಳೆಯುತ್ತಿತ್ತು. ರಸ್ಟ್‌ನಲ್ಲಿ ಸಿಗುವ ಸ್ವಿಚ್ಚು, ಬ್ರಾಂಚು, ಬ್ಲಾಕರ್, ಮೆಮೊರಿ ಸೆಲ್ ಇವೆಲ್ಲ ಸೇರಿ ಮಾಡುವುದು ಅವನ ಕೆಲಸವನ್ನೇ.

ಮೊದಲು ಎರಡು ಅಂಕಿಗಳನ್ನು ಬೇರೆಬೇರೆ ಮಾಡಿಕೊಳ್ಳೋಣ. ಆಟದ ದೊಡ್ಡ ಬ್ಯಾಟರಿಯ ಮೇಲೆ 24,000 ಎಂದು ಒಂದು ಅಂಕಿ, 100 ಎಂದು ಇನ್ನೊಂದು ಅಂಕಿ ಇರುತ್ತದೆ. 24,000 ಅದರೊಳಗೆ ಹಿಡಿಯುವ ಒಟ್ಟು ದಾಸ್ತಾನು, ವಾಟ್-ನಿಮಿಷಗಳಲ್ಲಿ. 100 ಎಂಬುದು ಒಂದು ಸಲಕ್ಕೆ ಅದು ಹೊರಗೆ ಬಿಡಬಲ್ಲ ಗರಿಷ್ಠ. ಮೊದಲನೆಯದು ಕೆರೆಯ ನೀರು, ಎರಡನೆಯದು ತೂಬಿನ ಅಗಲ. ಪೂರ್ತಿ 100 ಎಳೆದರೆ ತುಂಬಿದ ಬ್ಯಾಟರಿ 240 ನಿಮಿಷ, ಅಂದರೆ ನಾಲ್ಕು ಗಂಟೆ ಬರುತ್ತದೆ. ಮಧ್ಯಮ ಬ್ಯಾಟರಿಗೆ 9,000 ಮತ್ತು 50: ಮೂರು ಗಂಟೆ. ಸಣ್ಣದಕ್ಕೆ 150 ಮತ್ತು 10: ಕಾಲು ಗಂಟೆ. ಇಪ್ಪತ್ತೆಂಟು ವರ್ಷ ಪಿಯುಸಿಗೆ ಭೌತಶಾಸ್ತ್ರ ಹೇಳಿಕೊಟ್ಟವಳಾಗಿ ಹೇಳುತ್ತೇನೆ, ಕಿಲೋವಾಟ್ ಮತ್ತು ಕಿಲೋವಾಟ್-ಗಂಟೆ ಇವೆರಡರ ನಡುವಿನ ವ್ಯತ್ಯಾಸ ಪರೀಕ್ಷೆಯಲ್ಲಿ ಪಾಸಾದವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆ ಬಂದ ಮೇಲೆ 'ಯೂನಿಟ್' ಎಂಬ ಪದ ಮನೆಮನೆಯ ಮಾತಾಯಿತು. ಆ ಯೂನಿಟ್ ಎಂದರೆ ಒಂದು ಕಿಲೋವಾಟ್-ಗಂಟೆ, ಅಂದರೆ ದಾಸ್ತಾನಿನ ಲೆಕ್ಕ. ಗೀಸರ್ ಮೇಲೆ ಬರೆದಿರುವ 2,000 ವಾಟ್ ತೂಬಿನ ಲೆಕ್ಕ. ಒಂದು ಗಂಟೆ ಬಿಟ್ಟರೆ ಎರಡು ಯೂನಿಟ್. ರಸ್ಟ್ ಆಡುವ ಹುಡುಗರಿಗೆ ಇದು ಬಾಯಿಪಾಠ ಮಾಡದೆ ಬರುತ್ತದೆ, ಏಕೆಂದರೆ ತಪ್ಪಿದರೆ ಮನೆ ಹೋಗುತ್ತದೆ.

ಈಗ ಪತ್ರ ಬರೆದವರಲ್ಲಿ ಒಬ್ಬ ಹುಡುಗನ ಮನೆಗೇ ಬರೋಣ. ಅವನು ಪಟ್ಟಿ ಕಳಿಸಿದ್ದ: ಐದು ಟರೆಟ್, ಒಂದಕ್ಕೆ 10ರಂತೆ 50. ಆರು ಚಾವಣಿ ದೀಪ, ಒಂದಕ್ಕೆ 2ರಂತೆ 12. ಮೂರು ವಿದ್ಯುತ್ ಕುಲುಮೆ, ಒಂದಕ್ಕೆ 3ರಂತೆ 9. ಒಟ್ಟು 71. ಬ್ಯಾಟರಿ 100 ಕೊಡಬಲ್ಲದು, ಹಾಗಾಗಿ ಎಲ್ಲವೂ ಉರಿಯುತ್ತದೆ, ಕಣ್ಣಿಗೆ ಏನೂ ತೊಂದರೆ ಕಾಣುವುದಿಲ್ಲ. ಒಳಗೆ ಬರುವುದು ಎಷ್ಟು? ಒಂದು ದೊಡ್ಡ ಸೋಲಾರ್ ಪ್ಯಾನೆಲ್ ಗರಿಷ್ಠ 20 ಕೊಡುತ್ತದೆ. ಆ 20 ಬರುವುದು ಸೂರ್ಯ ನೇರಕ್ಕೆ ಬಂದಾಗ. ಬೆಳಿಗ್ಗೆ ಸಂಜೆ ಕಡಿಮೆ, ರಾತ್ರಿ ಸೊನ್ನೆ. ಲೆಕ್ಕಕ್ಕೆ ಸುಲಭವಾಗಲೆಂದು ಸರಾಸರಿ 10 ಎಂದು ಹಿಡಿಯೋಣ. ನಾಲ್ಕರಿಂದ 40. ಬ್ಯಾಟರಿ ತುಂಬುವಾಗ ಐದರಲ್ಲೊಂದು ಪಾಲು ಸೋರಿಹೋಗುತ್ತದೆ ಎಂಬುದು ಆಟದ ನಿಯಮ, ಉಳಿಯುವುದು 32. ಖರ್ಚು 71, ಜಮಾ 32, ನಿಮಿಷಕ್ಕೆ 39ರ ಕೊರತೆ. ಭರ್ತಿ ಬ್ಯಾಟರಿಯ 24,000ವನ್ನು 39ರಿಂದ ಭಾಗಿಸಿದರೆ 615 ನಿಮಿಷ, ಹತ್ತು ಗಂಟೆ ಚಿಲ್ಲರೆ. ರಾತ್ರಿ ಹನ್ನೊಂದಕ್ಕೆ ಬ್ಯಾಟರಿ ಒಂಚೂರು ಇಳಿದಿದ್ದರೂ ಸಾಕು, ಬೆಳಿಗ್ಗೆ ಒಂಬತ್ತರೊಳಗೆ ಸಾಯಲೇಬೇಕಿತ್ತು. ಹುಡುಗನ ಮನೆಯನ್ನು ಶತ್ರುಗಳು ಗೆಲ್ಲುವ ಮೊದಲೇ ಈ ಲೆಕ್ಕ ಗೆದ್ದಿತ್ತು.

ನನಗೂ ಹೀಗೇ ಆಗಿತ್ತು, ಅದೂ ಇನ್ನೊಂದು ತಪ್ಪಿನಿಂದ. ಮೊದಲ ತಿಂಗಳು ನಾನು ಬ್ಯಾಟರಿಯಿಂದ ಬಂದ ತಂತಿಗೆ ಸ್ಪ್ಲಿಟರ್ ಹಾಕಿದ್ದೆ. ಸ್ಪ್ಲಿಟರ್ ಬಂದದ್ದನ್ನು ಸಮಪಾಲು ಮಾಡುತ್ತದೆ. ಸಮಪಾಲು ನ್ಯಾಯದಂತೆ ಕಾಣುತ್ತದಲ್ಲ, ಅದಕ್ಕೇ ಹಾಕಿದ್ದೆ. ಮಧ್ಯಮ ಬ್ಯಾಟರಿಯ 50ರಲ್ಲಿ ಮೂರು ಪಾಲು, ಒಂದೊಂದಕ್ಕೆ 16. ಒಂದು ಪಾಲು ಎರಡು ದೀಪಕ್ಕೆ ಹೋಯಿತು. ಅವಕ್ಕೆ ಬೇಕಾದದ್ದು 4, ಮಿಕ್ಕ 12 ಅಲ್ಲೇ ನಿಂತಿತು. ಇನ್ನೊಂದು ಪಾಲು ಎರಡು ಟರೆಟ್‌ಗಳ ಕಡೆ ಹೋಯಿತು. ಅವಕ್ಕೆ 20 ಬೇಕಿತ್ತು, ಬಂದದ್ದು 16. ಈ ಆಟದಲ್ಲಿ ಹತ್ತು ಬೇಕಾದ ಟರೆಟ್‌ಗೆ ಆರು ಕೊಟ್ಟರೆ ಮಂದವಾಗಿ ಓಡುವುದಿಲ್ಲ, ಓಡುವುದೇ ಇಲ್ಲ. ಹಿತ್ತಲ ಕಡೆಯ ಟರೆಟ್ ಒಂದು ದಿನವೂ ಎದ್ದಿರಲಿಲ್ಲ ಎಂಬುದು ಹಿತ್ತಲ ಗೋಡೆ ಒಡೆದ ಮೇಲೆ ತಿಳಿಯಿತು. ಎರಡು ವಾರ ಕೂಡಿಟ್ಟದ್ದೆಲ್ಲ ಹೋಯಿತು. ಮಗ ಆ ರಾತ್ರಿ ಹೇಳಿದ ಮಾತು ನೆನಪಿದೆ: "ಅಮ್ಮ, ನೀನು ಎಲ್ಲರಿಗೂ ಒಂದೇ ಸಮ ಬಡಿಸಿದ್ದೀಯ. ಮಗೂಗೂ ಪೈಲ್ವಾನ್‌ಗೂ ಒಂದೇ ಮುದ್ದೆ."

ಅಂದಿನಿಂದ ನನ್ನ ಮೊದಲ ತಂತಿ ಬ್ರಾಂಚ್‌ಗೆ ಹೋಗುತ್ತದೆ. ಎಲೆಕ್ಟ್ರಿಕಲ್ ಬ್ರಾಂಚ್ ಎಂಬ ಸಣ್ಣ ಡಬ್ಬಿಗೆ ಒಂದು ಒಳದಾರಿ, ಎರಡು ಹೊರದಾರಿ. ಕವಲು ದಾರಿಗೆ ಎಷ್ಟು ಎಂದು ಅಂಕಿ ಕೊಡಬಹುದು. ಮುಟ್ಟದೆ ಬಿಟ್ಟರೆ ಅದು 2. ನೀವು 30 ಎಂದು ಇಟ್ಟರೆ, ಒಳಗೆ ಬಂದದ್ದರಲ್ಲಿ ಮೊದಲ 30 ಕವಲಿಗೆ, ಮಿಕ್ಕದ್ದು ಮುಖ್ಯ ದಾರಿಗೆ. ಒಳಗೆ ಬರುವುದೇ 30ಕ್ಕೆ ಇಳಿದರೂ ಕವಲಿಗೆ ಅದರ ಪಾಲು ಸಿಗುತ್ತದೆ, ಮುಖ್ಯ ದಾರಿ ಒಣಗುತ್ತದೆ. 'ಮೊದಲು ಯಾರಿಗೆ' ಎಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಇನ್ನೊಂದು ಸಾಧನ ಆ ಆಟದಲ್ಲಿ ಇಲ್ಲ. ಸ್ಪ್ಲಿಟರ್ ಕೆಟ್ಟದ್ದೇನಲ್ಲ, ಅದರ ಜಾಗ ಬೇರೆ. ಆ ಕವಲಿನ 30ನ್ನು ಮೂರು ಟರೆಟ್‌ಗಳಿಗೆ ಹತ್ತು ಹತ್ತಾಗಿ ಹಂಚುವುದಕ್ಕೆ ಅದು ಹೇಳಿ ಮಾಡಿಸಿದ್ದು. ಬೇಡಿಕೆ ಒಂದೇ ಸಮ ಇದ್ದವರ ನಡುವೆ ಸಮಪಾಲು ಸರಿ.

ದೀಪಗಳ ವಿಷಯದಲ್ಲಿ ಇನ್ನೊಂದು ಕ್ರಮವಿದೆ. ಅವನ್ನು ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಬಹುದು. ಪ್ರತಿ ದೀಪವೂ ತನ್ನ 2 ತೆಗೆದುಕೊಂಡು ಮಿಕ್ಕದ್ದನ್ನು ಮುಂದಕ್ಕೆ ಬಿಡುತ್ತದೆ. ಕರೆಂಟು ಕಡಿಮೆಯಾದಾಗ ಮೊದಲು ಆರುವುದು ಸಾಲಿನ ಕೊನೆಯ ದೀಪ. ನಾಲೆಯ ಕೊನೆಭಾಗದ ಗದ್ದೆಯಲ್ಲಿ ಬೆಳೆದ ನನಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. ಹಾಗಾಗಿ ಮೆಟ್ಟಿಲ ಬಳಿಯ ದೀಪ ಮೊದಲು, ಉಗ್ರಾಣದ್ದು ಆಮೇಲೆ, ಬರೀ ಅಂದಕ್ಕೆ ಹಾಕಿದ್ದು ಕೊನೆಗೆ.

ಒಳಬರುವ ಕಡೆ ಜನ ಸಾಮಾನ್ಯವಾಗಿ ಎಡವುವ ಜಾಗ ಒಂದಿದೆ. ಎರಡು ಪ್ಯಾನೆಲ್‌ಗಳ ತಂತಿಯನ್ನು ಓಆರ್ ಸ್ವಿಚ್‌ಗೆ ತಂದು ಸೇರಿಸಿದರೆ ಎರಡೂ ಕೂಡುತ್ತವೆ ಎಂದುಕೊಳ್ಳುತ್ತಾರೆ. ಕೂಡುವುದಿಲ್ಲ. ಓಆರ್ ಸ್ವಿಚ್ ಎರಡರಲ್ಲಿ ದೊಡ್ಡದನ್ನಷ್ಟೇ ಮುಂದೆ ಬಿಡುತ್ತದೆ. 20 ಮತ್ತು 20 ಹಾಕಿದರೆ 20 ಬರುತ್ತದೆ. ಕೂಡಿಸಲು ರೂಟ್ ಕಂಬೈನರ್ ಬೇಕು, ಅದೂ ಪ್ಯಾನೆಲ್, ಗಾಳಿಯಂತ್ರ, ಜನರೇಟರ್, ಬ್ಯಾಟರಿಯಂಥ ಮೂಲಗಳಿಂದ ನೇರ ಬಂದ ತಂತಿಯನ್ನೇ ಒಪ್ಪುತ್ತದೆ. ಸೆಕೆಂಡ್ ಪಿಯುಸಿಯ ಲಾಜಿಕ್ ಗೇಟ್ ಪಾಠ ನೆನಪಿರುವವರಿಗೆ ಇಲ್ಲೊಂದು ಕುತೂಹಲದ ಅಂಶವಿದೆ. ನಮ್ಮ ಪಠ್ಯದ ಗೇಟುಗಳಲ್ಲಿ ಓಡುವುದು 0 ಮತ್ತು 1 ಮಾತ್ರ. ಅವು ಸುದ್ದಿ ಒಯ್ಯುತ್ತವೆ. ರಸ್ಟ್‌ನ ಗೇಟಿನಲ್ಲಿ ಸುದ್ದಿಯೂ ಅದೇ ತಂತಿಯಲ್ಲಿ, ಕೆಲಸಕ್ಕೆ ಬೇಕಾದ ಶಕ್ತಿಯೂ ಅದೇ ತಂತಿಯಲ್ಲಿ. ಇದನ್ನು ಅರ್ಥ ಮಾಡಿಕೊಂಡರೆ ಮುಂದಿನ ಎರಡು ಉಪಾಯ ತಾವಾಗಿ ಹೊಳೆಯುತ್ತವೆ.

ಮೊದಲನೆಯದು ರಾತ್ರಿ ಮಾತ್ರ ಉರಿಯುವ ದೀಪ. ಬ್ಲಾಕರ್ ಎಂಬ ಡಬ್ಬಿ ತನ್ನ ಮೂಲಕ ಕರೆಂಟು ಬಿಡುತ್ತಿರುತ್ತದೆ. ಅದರ ಪಕ್ಕದ ಇನ್ನೊಂದು ತೂತಿಗೆ ಎಲ್ಲಿಂದಲಾದರೂ ಚೂರು ಕರೆಂಟು ಬಂದರೆ ಸಾಕು, ದಾರಿ ಮುಚ್ಚುತ್ತದೆ. ನೀರುಗಂಟಿ ತೂಬಿಗೆ ಅಡ್ಡ ಇಳಿಸುವ ಹಲಗೆ ಇದೇ. ಬ್ಯಾಟರಿಯಿಂದ ದೀಪಗಳಿಗೆ ಹೋಗುವ ತಂತಿಯಲ್ಲಿ ಬ್ಲಾಕರ್ ಇಡಿ, ಆ ಪಕ್ಕದ ತೂತಿಗೆ ಬೇರೊಂದು ಪ್ಯಾನೆಲ್‌ನ ತಂತಿ ಕೊಡಿ. ಬಿಸಿಲಿದ್ದಷ್ಟು ಹೊತ್ತು ಪ್ಯಾನೆಲ್ 'ಸಾಕು' ಎನ್ನುತ್ತದೆ, ದೀಪ ಆರಿರುತ್ತದೆ. ಸೂರ್ಯ ಮುಳುಗಿದಾಗ ಹಲಗೆ ಏಳುತ್ತದೆ, ದೀಪ ಹತ್ತುತ್ತದೆ. ಆ ಪ್ಯಾನೆಲ್ ಅಲ್ಲಿ ಕರೆಂಟು ಉತ್ಪಾದಿಸುವ ಯಂತ್ರವಾಗಿ ಇಲ್ಲ, ಆಕಾಶ ನೋಡುವ ಕಣ್ಣಾಗಿ ಇದೆ. ನನಗೆ ಈ ಆಟದಲ್ಲಿ ಅತ್ಯಂತ ಇಷ್ಟವಾದ ಜೋಡಣೆ ಇದು. ಮೂರೇ ತಂತಿ.

ಎರಡನೆಯದು ಮೆಮೊರಿ ಸೆಲ್. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನೀರುಗಂಟಿಯ ತಲೆ ಇರುವುದು ಇದರಲ್ಲಿ. ಇದಕ್ಕೆ ಒಂದು ಒಳದಾರಿ, ಎರಡು ಹೊರದಾರಿ. ಯಾವ ಕ್ಷಣದಲ್ಲೂ ಎರಡರಲ್ಲಿ ಒಂದು ಮಾತ್ರ ತೆರೆದಿರುತ್ತದೆ. 'ಸೆಟ್' ಎಂಬ ತೂತಿಗೆ ಒಂದು ಕ್ಷಣ ಕರೆಂಟು ತಾಗಿದರೆ ಮೊದಲನೆಯದು ತೆರೆಯುತ್ತದೆ. 'ರೀಸೆಟ್'ಗೆ ತಾಗಿದರೆ ಅದು ಮುಚ್ಚಿ ಎರಡನೆಯದು ತೆರೆಯುತ್ತದೆ. ತಾಗಿದ ಕರೆಂಟು ಹೋದ ಮೇಲೂ ಸ್ಥಿತಿ ಹಾಗೇ ಉಳಿಯುತ್ತದೆ. ನಿಜವಾದ ಮನೆಯ ಸ್ವಿಚ್ಚಿಗೂ ಇದಕ್ಕೂ ಇರುವ ವ್ಯತ್ಯಾಸ ಏನೆಂದರೆ, ಸ್ವಿಚ್ಚಿನ ಹತ್ತಿರ ನಿಮ್ಮ ಕೈ ಬೇಕು. ಇದಕ್ಕೆ ಆದ ಘಟನೆಯೇ ಕೈ.

ನಮ್ಮ ಮನೆಯಲ್ಲಿ ಈಗ ಹೀಗಿದೆ. ಬ್ಯಾಟರಿಯಿಂದ ಬಂದದ್ದು ಮೊದಲು ಬ್ರಾಂಚ್‌ಗೆ; ಕವಲಿನ 30 ಮೂರು ಮುಖ್ಯ ಟರೆಟ್‌ಗಳಿಗೆ, ಯಾವ ಕಾಲಕ್ಕೂ ಅದನ್ನು ಯಾರೂ ಮುಟ್ಟುವಂತಿಲ್ಲ. ಮುಖ್ಯ ದಾರಿ ಮೆಮೊರಿ ಸೆಲ್‌ಗೆ ಹೋಗುತ್ತದೆ. ಶಾಂತಿಯ ಕಾಲದಲ್ಲಿ ತೆರೆದಿರುವ ಹೊರದಾರಿಯಲ್ಲಿ ದೀಪಗಳೂ ಕುಲುಮೆಗಳೂ ಇವೆ. ಇನ್ನೊಂದು ಹೊರದಾರಿಯಲ್ಲಿ ಮಲಗಿರುವ ಎರಡು ಟರೆಟ್. ಟರೆಟ್‌ಗೆ ಗುರಿ ಕಂಡಾಗ ಅದು ತನ್ನ ಒಂದು ಹೊರದಾರಿಯಿಂದ ಸುದ್ದಿ ಕಳಿಸುತ್ತದೆ; ಮೂರು ಮುಖ್ಯ ಟರೆಟ್‌ಗಳ ಆ ಸುದ್ದಿಯನ್ನು ಓಆರ್ ಸ್ವಿಚ್‌ಗಳಲ್ಲಿ ಸೇರಿಸಿ ಮೆಮೊರಿ ಸೆಲ್‌ನ 'ಸೆಟ್'ಗೆ ಕೊಟ್ಟಿದ್ದೇವೆ. ಯಾರಾದರೂ ಅಂಗಳಕ್ಕೆ ಬಂದ ಕ್ಷಣ ಕುಲುಮೆ ನಿಲ್ಲುತ್ತದೆ, ಮನೆ ಕತ್ತಲಾಗುತ್ತದೆ, ಮಲಗಿದ್ದ ಎರಡೂ ಟರೆಟ್ ಏಳುತ್ತವೆ. ಲೆಕ್ಕ ನೋಡಿ: ದೀಪ 12, ಕುಲುಮೆ 9, ಒಟ್ಟು 21 ಇಳಿಯಿತು, ಎರಡು ಟರೆಟ್‌ಗೆ 20 ಏರಿತು. ಬ್ಯಾಟರಿಯ ಮೇಲೆ ಹೆಚ್ಚಿನ ಹೊರೆ ಬೀಳದೆ ಕಾವಲು ಮೂರರಿಂದ ಐದಾಯಿತು. ಎಲ್ಲ ಮುಗಿದ ಮೇಲೆ ಒಳಗಿನ ಕೋಣೆಯ ಒಂದು ಗುಂಡಿ ಒತ್ತಿದರೆ 'ರೀಸೆಟ್'. ದಾರಿಹೋಕನೊಬ್ಬ ಸುಮ್ಮನೆ ಹಾದುಹೋದರೂ ಇದು ಏಳುತ್ತದೆ, ನಿಜ. ಆದರೆ ಸುಳ್ಳೇ ಎದ್ದರೆ ಆಗುವ ನಷ್ಟ ಒಂದಷ್ಟು ಹೊತ್ತು ನಿಂತ ಕುಲುಮೆ ಮಾತ್ರ. ಏಳದಿದ್ದರೆ ಆಗುವ ನಷ್ಟವನ್ನು ನಾನು ಕಂಡಿದ್ದೇನೆ.

ಈಗ ಆ ಹುಡುಗನ ಲೆಕ್ಕವನ್ನು ಮತ್ತೆ ಮಾಡೋಣ, ಅವೇ ನಾಲ್ಕು ಪ್ಯಾನೆಲ್, ಅದೇ ಬ್ಯಾಟರಿಯಲ್ಲಿ. ಸದಾ ಎಚ್ಚರವಿರುವ ಟರೆಟ್ ಮೂರು: 30. ಆಟದಲ್ಲಿ ರಾತ್ರಿ ಹಗಲಿಗಿಂತ ಚಿಕ್ಕದು, ಹಾಗಾಗಿ ರಾತ್ರಿ ಮಾತ್ರ ಉರಿಯುವ ದೀಪಗಳ ಹೊರೆ ಸರಾಸರಿ 4 ಎಂದಿಡೋಣ. ಕುಲುಮೆಗೆ ಒಂದು ಸ್ವಿಚ್, ನಾವಿದ್ದು ಅದಿರು ಕರಗಿಸುವಾಗ ಮಾತ್ರ. ಬ್ಲಾಕರ್ ಇತ್ಯಾದಿಗಳ ಸ್ವಂತ ಖರ್ಚಿಗೆ 2. ಒಟ್ಟು 36, ಜಮಾ ಅದೇ 32, ಕೊರತೆ ನಿಮಿಷಕ್ಕೆ 4. ತುಂಬಿದ ಬ್ಯಾಟರಿ 6,000 ನಿಮಿಷ ಬರುತ್ತದೆ. ನೂರು ಗಂಟೆ. ಹತ್ತು ಗಂಟೆ ಇದ್ದದ್ದು ನೂರಾಯಿತು; ಬ್ಯಾಟರಿ ತುಂಬಿಸಲು ಒಂದು ಪ್ಯಾನೆಲ್ಲೂ ಹೆಚ್ಚಾಗಲಿಲ್ಲ, ಕಣ್ಣಾಗಿ ನಿಂತದ್ದು ಬಿಟ್ಟರೆ.

ಹಾಗೆಂದು ಮೂಲ ಹೆಚ್ಚಿಸುವುದು ಬೇಡ ಎನ್ನುತ್ತಿಲ್ಲ. ಎತ್ತರದಲ್ಲಿ ನಿಲ್ಲಿಸಿದ ಗಾಳಿಯಂತ್ರ ಒಳ್ಳೆಯ ಗಾಳಿಗೆ 150ರವರೆಗೂ ಕೊಡುತ್ತದೆ, ರಾತ್ರಿಯೂ ಕೊಡುತ್ತದೆ. ಇಂಧನ ಸುರಿದರೆ ಸಣ್ಣ ಜನರೇಟರ್ 40 ಕೊಡುತ್ತದೆ. ಆದರೆ ಪ್ಯಾನೆಲ್ಲೂ ಗಾಳಿಯಂತ್ರವೂ ಹೊರಗೆ, ಕಣ್ಣಿಗೆ ಬೀಳುವ ಜಾಗದಲ್ಲಿ ಇರಬೇಕಾದವು. ದಾಳಿಗೆ ಬಂದವರು ಮೊದಲು ಹೊಡೆಯುವುದೇ ಚಾವಣಿಯ ಪ್ಯಾನೆಲ್ಲಿಗೆ, ಗಾಳಿಯಂತ್ರಕ್ಕೆ. ಆಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ಒಳಗಿನ ಬ್ಯಾಟರಿಯಲ್ಲಿ ಎಷ್ಟಿದೆಯೋ ಅಷ್ಟು. ಅದನ್ನು ಅಂದದ ದೀಪಕ್ಕೆ ಸುರಿದು ಮುಗಿಸಿದ್ದರೆ ಮೇಲೆ ಎಂಟು ಪ್ಯಾನೆಲ್ ಇದ್ದೂ ಪ್ರಯೋಜನವಿಲ್ಲ.

ಅದಕ್ಕಾಗಿಯೇ ಎರಡನೆಯ ಬ್ಯಾಟರಿ ಇಡುವವರಿಗೆ ಒಂದು ಮಾತು. ಎರಡನ್ನೂ ಒಟ್ಟಿಗೆ ಖರ್ಚು ಮಾಡಬೇಡಿ. ಮೊದಲ ಬ್ಯಾಟರಿಯ ಹೊರದಾರಿಯಿಂದ ಬ್ರಾಂಚ್ ಮೂಲಕ 2 ಮಾತ್ರ ಬೇರೆ ತೆಗೆದು, ಎರಡನೆಯ ಬ್ಯಾಟರಿಯ ದಾರಿಯಲ್ಲಿರುವ ಬ್ಲಾಕರ್‌ನ ಪಕ್ಕದ ತೂತಿಗೆ ಕೊಡಿ. ಎರಡೂ ದಾರಿಗಳನ್ನು ಮುಂದೆ ಓಆರ್ ಸ್ವಿಚ್‌ನಲ್ಲಿ ಸೇರಿಸಿ. ಮೊದಲನೆಯದು ಜೀವಂತ ಇರುವಷ್ಟು ದಿನ ಎರಡನೆಯದರ ಬಾಗಿಲು ಮುಚ್ಚಿರುತ್ತದೆ. ಮೊದಲನೆಯದು ಬರಿದಾದ ಕ್ಷಣ ಹಿಡಿದಿದ್ದ ಹಲಗೆ ತಾನೇ ಎದ್ದು, ಎರಡನೆಯದು ಹರಿಯಲು ಶುರುಮಾಡುತ್ತದೆ. ಬಿತ್ತನೆ ಬೀಜವನ್ನು ಊಟದ ಭತ್ತದ ಜೊತೆ ಒಂದೇ ವಾಡೆಗೆ ಸುರಿಯುವುದಿಲ್ಲವಲ್ಲ, ಹಾಗೆ.

ಹೃದಯ ಬಡಿತ ಗುರುತಿಸುವ ಸೆನ್ಸರ್ ಬಗ್ಗೆಯೂ ಕೇಳುತ್ತಾರೆ. ಹತ್ತಿರ ಎಷ್ಟು ಜನ ಇದ್ದಾರೋ ಅಷ್ಟು ಅಂಕಿಯ ಕರೆಂಟನ್ನು ಅದು ಹೊರಬಿಡುತ್ತದೆ. ನಮ್ಮವರನ್ನು ಬಿಟ್ಟು ಬೇರೆಯವರನ್ನಷ್ಟೇ ಎಣಿಸು ಎಂದೂ ಹೇಳಬಹುದು. ಎಲ್ಲ ಟರೆಟ್‌ಗಳನ್ನೂ ಇದರ ಕೈಗೆ ಕೊಟ್ಟು ಕರೆಂಟು ಉಳಿಸುವುದು ಹಲವರ ಆಸೆ. ನನಗೆ ಒಪ್ಪಿಗೆಯಿಲ್ಲ. ಟರೆಟ್ ದೂರದಿಂದಲೇ ನೋಡಬಲ್ಲದು, ಸೆನ್ಸರ್ ಹತ್ತಿರ ಬಂದವರನ್ನಷ್ಟೇ ಬಲ್ಲದು. ದೂರದೃಷ್ಟಿಯ ಕಾವಲುಗಾರನನ್ನು ಮಲಗಿಸಿ, ಸಮೀಪದೃಷ್ಟಿಯವನಿಗೆ 'ಕಂಡರೆ ಎಬ್ಬಿಸು' ಎಂದು ಹೇಳಿದಂತಾಗುತ್ತದೆ. ಸೆನ್ಸರ್‌ಗೆ ಓಣಿಯ ದೀಪ ಕೊಡಿ, ಬಾಗಿಲು ಕೊಡಿ. ಮೂರು ಟರೆಟ್ ಮಾತ್ರ ಸದಾ ಎಚ್ಚರವಿರಲಿ.

2020ರಿಂದ ಈ ಆಟಕ್ಕೆ ಫೋನಿನ ಆ್ಯಪ್ ಒಂದಿದೆ. ಸ್ಮಾರ್ಟ್ ಸ್ವಿಚ್ ಹಾಕಿದರೆ ಎಲ್ಲಿದ್ದರೂ ಫೋನಿನಿಂದ ತೆಗೆದು ಹಾಕಬಹುದು, ಸ್ಮಾರ್ಟ್ ಅಲಾರಂ ಹಾಕಿದರೆ ಸುದ್ದಿ ಫೋನಿಗೇ ಬರುತ್ತದೆ. ಮೆಮೊರಿ ಸೆಲ್ ತಿರುಗಿದಾಗ ಅಲಾರಂ ಬರುವಂತೆ ಮಾಡಿಕೊಂಡಿದ್ದೇವೆ. ಕಳೆದ ಚಳಿಗಾಲದಲ್ಲಿ ಒಂದು ಬೆಳಗಿನ ಜಾವ ಫೋನು ಕಿರುಗುಟ್ಟಿತು. ಅದರ ಹಿಂದೆಯೇ ಮಗನ ಕರೆ: "ಅಮ್ಮ, ನಿಂಗೂ ಬಂತಾ? ನಾನು ಇನ್ನೂ ಆಫೀಸಿಂದ ಬರ್ತಾ ಇದೀನಿ, ಬಸ್ಸಲ್ಲಿ." ನಾನು ಕಂಪ್ಯೂಟರ್ ಹಚ್ಚುವಷ್ಟರಲ್ಲಿ ಬಂದವರು ಹೊರಟುಹೋಗಿದ್ದರು. ಚಾವಣಿಯ ಪ್ಯಾನೆಲ್ ನಾಲ್ಕೂ ಪುಡಿಯಾಗಿದ್ದವು. ಗೋಡೆಗೆ ಏನೂ ಆಗಿರಲಿಲ್ಲ. ಐದೂ ಟರೆಟ್ ಎದ್ದಿದ್ದವು, ಬ್ಯಾಟರಿಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಇತ್ತು. ಅವನು ಬಸ್ಸಿಳಿದು ಮನೆ ಸೇರುವವರೆಗೂ ನಾವು ಮಾತಾಡಿದೆವು.

ನಿಜವಾದ ಮನೆಯ ಮಾತಿಗೆ ಬಂದರೆ, ಯುಪಿಎಸ್ ಹಾಕಲು ಬಂದ ಎಲೆಕ್ಟ್ರಿಷಿಯನ್ ಕೇಳಿದ ಮೊದಲ ಪ್ರಶ್ನೆ ನೆನಪು ಮಾಡಿಕೊಳ್ಳಿ: "ಯಾವ್ ಯಾವ್ ಪಾಯಿಂಟು ಯುಪಿಎಸ್ ಲೈನಿಗೆ ಬೇಕು ಮೇಡಂ?" 12 ವೋಲ್ಟಿನ, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವಾಟ್-ಗಂಟೆ ಇರುತ್ತದೆ, ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಫ್ಯಾನು, ದೀಪ, ವೈಫೈ ಆ ಲೈನಿಗೆ. ಗೀಸರ್, ಇಸ್ತ್ರಿಪೆಟ್ಟಿಗೆ, ಮಿಕ್ಸಿ ಹೊರಗೆ. ಅವನು ಕೇಳಿದ್ದು ಬ್ರಾಂಚಿನ ಪ್ರಶ್ನೆಯನ್ನೇ. ನಮ್ಮ ಮನೆಯಲ್ಲಿ ಆ ಪಟ್ಟಿ ಬರೆದುಕೊಟ್ಟವರು ನನ್ನ ಅತ್ತೆ. ಅವರು ಮೊದಲು ಬರೆಸಿದ್ದು ಬಚ್ಚಲಮನೆಗೆ ಹೋಗುವ ಓಣಿಯ ದೀಪ.

ಆಡುವ ಮಕ್ಕಳಿಗೆ ಒಂದು ಎಚ್ಚರಿಕೆಯನ್ನು ಖಡಾಖಂಡಿತವಾಗಿ ಹೇಳಬೇಕು. ಆಟದ ತಂತಿ ಒಂಟಿ. ಹೋದ ಕರೆಂಟು ಹಿಂದಿರುಗಲು ದಾರಿ ಬೇಕಿಲ್ಲ. ಅಲ್ಲಿ ತಂತಿಯ ದಪ್ಪಕ್ಕೆ ಲೆಕ್ಕವಿಲ್ಲ, ಬಿಸಿಯಾಗುವುದಿಲ್ಲ, ತಂತಿ ಕಾಯುವ ಫ್ಯೂಸ್ ಇಲ್ಲ, ಅರ್ಥಿಂಗ್ ಇಲ್ಲ. ನಿಜವಾದ ತಂತಿಯಲ್ಲಿ ಇವೆಲ್ಲ ಇವೆ, ತಪ್ಪಿದರೆ ಜೀವ ಹೋಗುತ್ತದೆ. ಆಟದಿಂದ ಮನೆಗೆ ತರಬಹುದಾದದ್ದು ಹಂಚಿಕೆಯ ಯೋಚನೆ ಒಂದೇ. ಸ್ಕ್ರೂಡ್ರೈವರ್ ಹಿಡಿದು ಸ್ವಿಚ್‌ಬೋರ್ಡ್ ಬಿಚ್ಚುವ ಧೈರ್ಯವನ್ನು ಅಲ್ಲಿಂದ ತರಬೇಡಿ.

ತಿಂಗಳ ಮೊದಲ ಗುರುವಾರ ರಸ್ಟ್‌ನ ದ್ವೀಪಗಳೆಲ್ಲ ಅಳಿಸಿಹೋಗಿ ಹೊಸದಾಗಿ ಹುಟ್ಟುತ್ತವೆ. ಮತ್ತೆ ಕಲ್ಲು, ಮತ್ತೆ ಪಂಜು. ಮುಂದಿನ ಗುರುವಾರ ಹೊಸ ಮನೆಗೆ ಮೊದಲ ತಂತಿ ಎಳೆಯುವ ಮುನ್ನ ಒಂದು ಕಾಗದ ತೆಗೆದುಕೊಂಡು ಮೂರು ಸಾಲು ಬರೆಯಿರಿ: ಯಾವಾಗಲೂ ಬೇಕಾದದ್ದು, ರಾತ್ರಿ ಮಾತ್ರ ಬೇಕಾದದ್ದು, ನಾವಿದ್ದಾಗ ಮಾತ್ರ ಬೇಕಾದದ್ದು. ಆಮೇಲೆ ಚಾವಣಿಯ ಪ್ಯಾನೆಲ್‌ಗಳ ತಂತಿಯನ್ನು ನೀವೇ ಒಮ್ಮೆ ಬಿಚ್ಚಿ, ಒಂದಿಡೀ ರಾತ್ರಿ ಮನೆ ಹೇಗೆ ನಡೆಯುತ್ತದೆ ನೋಡಿ. ಮೊದಲು ಏನು ಆರಿತು ಎಂದು ನನಗೆ ಬರೆಯಿರಿ, ಅಲ್ಲಿಂದ ಮುಂದಕ್ಕೆ ಮಾತಾಡೋಣ.